ಬಾಟಲಿಯೊಳಗಿನ ಒಣದ್ರಾಕ್ಷಿ

ಅಕ್ಟೋಬರ್ 3, ಬೆಳಿಗ್ಗೆ

ಚಹಾಕ್ಕೆ ಮುಂಚೆಯೇ ಅಂಗಳಕ್ಕೆ. ಪ್ಲಾಸ್ಟಿಕ್ ಹಾಕುವ ಜಾಲರಿ ಪೆಟ್ಟಿಗೆಯಲ್ಲಿ ಎಂದಿನ ಅವತಾರ. ಜಿಡ್ಡು ಬಿಡದ ಎಣ್ಣೆ ಬಾಟಲಿ, ಮೊಸರಿನ ಡಬ್ಬಿ, ಯಾರದೋ ಹರಿದ ಚಪ್ಪಲಿ. ಲೇಬಲ್ ಕಿತ್ತೆ. ಬಾಟಲಿ ತುಳಿದು ಚಪ್ಪಟೆ ಮಾಡಿದೆ. ಕೆಳಮನೆಯ ಗೆನ್ನಾಡಿ ಕಿಟಕಿಯಿಂದಲೇ ಶುರು —

"ಬುರುಲ್, ಕಸಕ್ಕೆ ಸ್ನಾನ ಆಯ್ತು. ಪೌಡರ್ ಹಾಕಲ್ವಾ?"

"ನಿಮ್ಮ ಎಣ್ಣೆ ಬಾಟಲಿ ತೊಳೀರಿ ಮೊದ್ಲು!"

ಒಂದು ಬಾಟಲಿ ಮಾತ್ರ ಎತ್ತಿದರೆ ಗಲಗಲ ಎಂದಿತು. ಫಳಫಳ ತೊಳೆದದ್ದು. ಮುಚ್ಚಳ ಬಿಗಿ. ಒಳಗೆ ಒಂದು ಹಿಡಿ ಒಣದ್ರಾಕ್ಷಿ... ಯಾರ ಕೆಲಸವಪ್ಪಾ ಇದು?

ಅಕ್ಟೋಬರ್ 5, ಗುರುವಾರ

ಪ್ಲಾಸ್ಟಿಕ್ ಒಯ್ಯುವ ಯಾಕುಬ್ ಗಾಡಿಯಿಂದ ಇಳಿಯುವಾಗಲೇ ಮುಖ ಗಂಟು.

"ಅಕ್ಕ, ನಿಮ್ಮ ಅಂಗಳದ್ದು ಫ್ಯಾಕ್ಟರಿಯವ್ರು ಮತ್ತೆ ಬೇಡ ಅಂದ್ರು. ಬಾಟಲಿ ತುಂಬ ದ್ರಾಕ್ಷಿ, ಅಕ್ರೋಟು. ಯಂತ್ರಕ್ಕೆ ಹಾಕಿದ್ರೆ ಎಲ್ಲಾ ಅಂಟಂಟು. ಇನ್ನೊಂದು ಸಲ ಹಿಂಗಾದ್ರೆ ಪೆಟ್ಟಿಗೇನೇ ಎತ್ಕೊಂಡು ಬಾ ಅಂದಿದ್ದಾರೆ."

ಈ ಪೆಟ್ಟಿಗೆಗಾಗಿ ಎಷ್ಟು ಕಚೇರಿ ಅಲೆದೆ! ಮೊದಲು ಈ ಮೂಲೆಯಲ್ಲೇ ಪ್ಲಾಸ್ಟಿಕ್ ಸುಡುತ್ತಿದ್ದರು. ಆ ಹೊಗೆಯಲ್ಲೇ ನನ್ನ ಗಂಡ ಅಸಾನ್ ಕೊನೆಯ ಚಳಿಗಾಲವನ್ನು ಕೆಮ್ಮಿ ಕೆಮ್ಮಿ ಕಳೆದ. ಈಗ ಮತ್ತೆ ಚಳಿ ಹತ್ತಿರ. ಪೆಟ್ಟಿಗೆ ಹೋದರೆ ಮತ್ತೆ ಬೆಂಕಿ ಬೀಳುತ್ತದೆ. ಬಿಡುವುದಿಲ್ಲ.

ಅಕ್ಟೋಬರ್ 6

ಇವತ್ತಿನ ಬಾಟಲಿಯಲ್ಲಿ ಒಣಗಿಸಿದ ಜರ್ದಾಳು ಹಣ್ಣು. ಗೆನ್ನಾಡಿಗೆ ತೋರಿಸಿದೆ. "ಇಲಿಪಾಷಾಣ ಇರ್ಬೇಕು, ತಿಂದು ನೋಡು" ಅಂದ, ಮಹಾರಾಯ.

ತಿಂದೆ. ಒಳ್ಳೆಯ ಮಾಲು. ಕಸಕ್ಕೆ ಹಾಕುವವರು ಇಷ್ಟು ಆರಿಸಿ ಹಾಕುತ್ತಾರೆಯೇ? ನಾಳೆಯಿಂದ ಬೆಂಚಿನ ಮೇಲೆ ಕಾವಲು. ಹೆಣಿಗೆ ಒಂದು ನೆಪ.

ಅಕ್ಟೋಬರ್ 10

ಸಿಕ್ಕಿದಳು! ಮೂರನೇ ಮಹಡಿಯ ಕಲಿಪಾ ಅಜ್ಜಿ. ವಸಂತದಲ್ಲಿ ನಾರಿನ್ ಬೆಟ್ಟದ ಕಡೆಯ ಹಳ್ಳಿಯಿಂದ ರಾಜಧಾನಿ ಬಿಷ್ಕೆಕ್‌ಗೆ, ಮಗಳ ಮನೆಗೆ ಬಂದವಳು. ಬಾಟಲಿ ಎಸೆಯಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒಳಗಿಟ್ಟಳು.

"ಅಜ್ಜಿ, ದ್ರಾಕ್ಷಿ ಯಾಕೆ ಹಾಕ್ತೀರಿ ಇದ್ರಲ್ಲಿ?"

"ನೀನೇ ಹೇಳಿದ್ಯಲ್ಲೇ, ಬಾಟಲಿ ಫ್ಯಾಕ್ಟರಿಗೆ ವಾಪಸ್ ಹೋಗ್ತದೆ ಅಂತ."

"ಹೌದು. ಖಾಲಿ ಬಾಟಲಿ."

"ಇನ್ನೊಬ್ಬರ ಪಾತ್ರೆ ಬರಿದು ಮಾಡಿ ಕಳಿಸ್ತಾರೇನೇ? ನಿಮ್ಮಮ್ಮ ಹೇಳ್ಕೊಡ್ಲಿಲ್ವಾ?"

ಅಮ್ಮ ಹೇಳಿಕೊಡದೆ ಏನು! ಗೆನ್ನಾಡಿಯ ಹೆಂಡತಿಯ ಬಟ್ಟಲು ವಾರದಿಂದ ನನ್ನ ಅಡುಗೆಮನೆಯಲ್ಲಿ ಕೂತಿದೆ, ತುಂಬಿ ಕೊಡಲು ಏನೂ ಮಾಡಿಲ್ಲವೆಂದು.

ಆದರೂ ಹೇಳಲೇಬೇಕಿತ್ತು. ಅಲ್ಲಿ ಬಾಟಲಿಯನ್ನು ಪುಡಿ ಮಾಡುತ್ತಾರೆ, ಕರಗಿಸುತ್ತಾರೆ ಅಂದೆ.

"ದ್ರಾಕ್ಷಿ ಸಮೇತ?"

ಹೂಂ ಅಂದೆ.

"ಅಯ್ಯೋ... ತಿನ್ನೋದನ್ನ ಕಸಕ್ಕೆ ಸುರಿದ್ನೇನೇ ನಾನು?"

ಕಣ್ಣಲ್ಲಿ ನೀರು. ತಲೆವಸ್ತ್ರ ಎಳೆದುಕೊಂಡು ಹೋಗಿಬಿಟ್ಟಳು. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಅಕ್ಟೋಬರ್ 12

ಈ ಸಲದ ಪ್ಲಾಸ್ಟಿಕ್ ಪಾಸ್. ಪೆಟ್ಟಿಗೆ ಉಳಿಯಿತು. ಖುಷಿಯಾಗಬೇಕಿತ್ತು. ಅಜ್ಜಿ ಕೆಳಗೆ ಇಳಿದೇ ಇಲ್ಲ.

ಅಕ್ಟೋಬರ್ 19, ಗುರುವಾರ

ಇಳಿದಳು! ಗಾಡಿಯ ಸದ್ದು ಕೇಳಿಯೇ ಬಂದಿರಬೇಕು. ನನ್ನತ್ತ ನೋಡಲಿಲ್ಲ. ಸೀದಾ ಯಾಕುಬ್ ಹತ್ತಿರ. ಕೈಯಲ್ಲಿ ಬಟ್ಟೆಯ ಚೀಲ, ತುಂಬ ದ್ರಾಕ್ಷಿ, ಜರ್ದಾಳು.

"ಬಾಟಲಿ ಆರಿಸೋರ ಕೈಗೇ ಕೊಡಪ್ಪ. ದಾರೀಲಿ ನೀನೂ ಬಾಯಿಗೆ ಹಾಕ್ಕೋ."

ಯಾಕುಬ್ ಟೋಪಿ ತೆಗೆದ. ಚೀಲವನ್ನು ಎರಡೂ ಕೈಯಲ್ಲಿ ಈಸಿಕೊಂಡ.

ಅಕ್ಟೋಬರ್ 26, ಗುರುವಾರ, ಸಂಜೆ

ಚೀಲ ವಾಪಸ್ ಬಂತು. ತುಂಬಿಕೊಂಡು! ಹುರಿದ ಸೂರ್ಯಕಾಂತಿ ಬೀಜ. ಒಂದು ಜೊತೆ ಉಣ್ಣೆಯ ಕಾಲುಚೀಲ ಬೇರೆ.

"ಆರಿಸೋ ಹೆಂಗಸ್ರು ಕೊಟ್ಟಿದ್ದು" ಅಂದ ಯಾಕುಬ್. "ಯಾವ ಮನೆಯವ್ರು, ಯಾವ ಊರು ಅಂತ ಕೇಳಿ ಕೇಳಿ ನನ್ನ ತಲೆ ತಿಂದ್ರು."

ಅಜ್ಜಿ ಕಾಲುಚೀಲವನ್ನು ಅಲ್ಲೇ ಬೆಂಚಿನ ಮೇಲೆ ಕೂತು ಹಾಕಿಕೊಂಡಳು. ಆಮೇಲೆ ಹಿಟ್ಟಿನ ಗಂಟು ಹೊತ್ತು ನನ್ನ ಮನೆಗೇ ಬಂದಳು. ಚೀಲ ತುಂಬಿ ಕಳಿಸಲು ಮುಂದಿನ ವಾರ ನಮ್ಮ ಸರದಿಯಂತೆ. ಹಿಟ್ಟಿನ ಸಣ್ಣ ತುಂಡು, ಬೋರ್ಸೋಕ್, ಕರಿದು ಹದ ನೋಡಬೇಕಂತೆ. ಕೋಪ ಯಾವಾಗ ಇಳಿಯಿತೋ, ನಾನು ಕೇಳಲಿಲ್ಲ.

ನಾದುತ್ತಾ ಕೇಳಿದಳು, ಈ ಪೆಟ್ಟಿಗೆಗೆ ಯಾಕಿಷ್ಟು ಒದ್ದಾಡ್ತೀಯೇ ಅಂತ. ಹೇಳಿದೆ. ಹೊಗೆ, ಕೆಮ್ಮು, ಅಸಾನ್, ಎಲ್ಲಾ. ಇಲ್ಲಿಯತನಕ ಯಾರಿಗೂ ಹೇಳಿರಲಿಲ್ಲ. ಅತ್ತುಬಿಟ್ಟೆ.

ಅಜ್ಜಿ ಕೈ ನಿಲ್ಲಿಸಲಿಲ್ಲ. "ಇವತ್ತು ಗುರುವಾರ. ಎಣ್ಣೆಯ ಘಮ ತೀರಿಹೋದವರಿಗೆ ತಲುಪೋ ದಿನ. ಮೊದಲು ಕರಿಯೋ ಏಳು ಅವನ ಹೆಸರಲ್ಲಿ. ಪಾಪ, ಕೆಟ್ಟ ಹೊಗೆ ಕುಡ್ಕೊಂಡು ಹೋದವನು."

ಹಿಟ್ಟು ಉಬ್ಬುವವರೆಗೆ ಎಂದು ಬರೆಯಲು ಕೂತೆ. ಎಣ್ಣೆ ಕಾದಿದೆ. ಕಿಟಕಿ ಪೂರ್ತಿ ತೆಗಿ ಎಂದು ಕೂಗುತ್ತಿದ್ದಾಳೆ. ಪ್ಲಾಸ್ಟಿಕ್ ಸುಡುತ್ತಿದ್ದ ಆ ಮೂಲೆಯತ್ತ ಇರುವ ಕಿಟಕಿ, ಮುಚ್ಚಿ ಎಷ್ಟು ವರ್ಷವಾಯಿತೋ... ತೆಗೆದೆ. ಅಸಾನ್, ಘಮ ಬಂದರೆ —