ನೂರಾ ಹನ್ನೆರಡನೇ ಮೀಟರ್

ಮಾರ್ಚ್ ೧೪, ಗುರುವಾರ

ನನ್ನ ಚಿನ್ನದಂಥ ಮಗಳೇ,

ವಜ್ರದ ಗಣಿಯಲ್ಲಿ ಕೆಲಸ ಮಾಡುವವಳು ಮಗಳನ್ನು ಚಿನ್ನ ಅನ್ನುವುದೇನು ಎಂದು ನಗಬೇಡ. ಇಪ್ಪತ್ತೆರಡು ವರ್ಷ ಇಲ್ಲಿ ಸವೆಸಿದರೂ ನಾನು ಒಂದೇ ಒಂದು ವಜ್ರ ಮುಟ್ಟಿದವಳಲ್ಲ. ನನ್ನ ಪಾಲಿಗೆ ಬಂದದ್ದು ಕಲ್ಲುಕೋಣೆ. ನೆಲ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ತೊಳೆದು, ತಗಡಿನ ತಟ್ಟೆಗಳಲ್ಲಿ ಸಾಲಾಗಿ ಜೋಡಿಸಿ, ಎಷ್ಟನೇ ಮೀಟರಿನದು ಎಂದು ತಟ್ಟೆಯ ಅಂಚಿಗೆ ಗುರುತು ಹಾಕುವುದು. ಆ ತಟ್ಟೆಗಳ ವಿಷಯಕ್ಕೇ ಈ ಪತ್ರ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಹೋದ ವರ್ಷ ನಮ್ಮ ಗಣಿಯಲ್ಲಿ ಎಷ್ಟು ಆಳಕ್ಕೆ ಯಾವ ಕಲ್ಲಿದೆ ಎಂಬ ನಕ್ಷೆ ಮಾಡಲು ಬಂದಿದ್ದೆಯಲ್ಲ, ನಿನ್ನ ಮೊದಲ ಕೆಲಸ. ಬಣ್ಣ ಎದ್ದು ಕಾಣಲೆಂದು ನಾನು ಕಲ್ಲಿಗೆ ನೀರು ಚಿಮುಕಿಸುತ್ತಾ ಹೋದೆ, ನೀನು ಭೂತಗನ್ನಡಿ ಹಿಡಿದು ಬರೆದುಕೊಳ್ಳುತ್ತಾ ಬಂದೆ. ಮ್ಯಾನೇಜರು ಎಲ್ಲ ಸರಿಯಿದೆಯಾ ಎಂದು ಕೇಳಿದ್ದಕ್ಕೆ, ನಮ್ಮಮ್ಮನ ತಟ್ಟೆಯಲ್ಲಿ ತಪ್ಪು ಹುಡುಕಿದರೆ ಕಣ್ಣು ನೋಯುತ್ತೆ ಅಷ್ಟೇ ಅಂದುಬಿಟ್ಟೆ. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಹೇಳಬೇಕೆಂದಿದ್ದ ಮಾತು ಬಿಟ್ಟು ಮುಂದಿನ ತಟ್ಟೆ ಎಳೆದೆ.

ಮಾತು ಇಷ್ಟು. ನೀನು ಬರುವ ನಾಲ್ಕು ತಿಂಗಳ ಮುಂಚೆ ಕಪಾಟಿನ ಕಾಲು ಮುರಿದು ಎರಡು ತಟ್ಟೆ ಕೆಳಗೆ ಬಿದ್ದಿದ್ದವು. ನೂರಾ ಆರರಿಂದ ನೂರಾ ಹದಿನೆಂಟನೇ ಮೀಟರಿನವರೆಗಿನ ಕಲ್ಲು. ಮುರಿದ ಬಾಯಿಗೆ ಬಾಯಿ ಕೂಡಿಸಿ ಬಹುಪಾಲು ಜೋಡಿಸಿದೆ. ಇಪ್ಪತ್ತೇಳು ತುಂಡು ಮಾತ್ರ ಏನು ಮಾಡಿದರೂ ಕೂರಲಿಲ್ಲ, ತುದಿ ಸವೆದು ನುಣ್ಣಗಾಗಿದ್ದವು. ಆಗ ಅಡುಗೆಮನೆ ಡಬ್ಬಿ ಜೋಡಿಸುವ ಬುದ್ಧಿ ಓಡಿಸಿದೆ: ನೀಲಿ ಕಲ್ಲು ನೀಲಿಯ ಜೊತೆ, ಕರಿ ಕಲ್ಲು ಕರಿಯ ಜೊತೆ. ನೂರಾ ಹನ್ನೆರಡರವರೆಗೆ ನೀಲಿ, ಕೆಳಗೆ ಬರೀ ಕರಿ. ನೋಡಲು ಎಷ್ಟು ಚೆಂದ ಕಂಡಿತೆಂದರೆ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭೂಮಿ ಅಷ್ಟು ಅಚ್ಚುಕಟ್ಟಾಗಿಲ್ಲ. ವಜ್ರ ಹೊತ್ತ ನೀಲಿ ಕಲ್ಲು ಆಳದಿಂದ ಕೊಳವೆಯ ಹಾಗೆ ಸಿಡಿದು ಬರುವಾಗ ಪಕ್ಕದ ಕರಿ ಬಂಡೆಯನ್ನೂ ಕಿತ್ತು ಒಳಗೆ ಎಳೆದುಕೊಳ್ಳುತ್ತದೆ ಎಂದು ಅವತ್ತು ಊಟ ಮಾಡುತ್ತಾ ನೀನೇ ಹೇಳಿದೆ. ಆಗಲೂ ನಾನು ನಿನಗೆ ಇನ್ನೊಂದು ಸೌಟು ಸಾರು ಬಡಿಸಿದೆ, ಅಷ್ಟೇ. ನನ್ನ ಕರಿ ತುಂಡುಗಳು ನೀಲಿಯ ನಡುನಡುವೆ ಇದ್ದವೇನೋ. ಹಾಗಿದ್ದರೆ ನೂರಾ ಹನ್ನೆರಡರ ಕೆಳಗೂ ನೀಲಿಯೇ ಇದೆ. ನೀಲಿ ಕಲ್ಲಿನ ಹಣೆಬರಹ ಗೊತ್ತಲ್ಲ, ನೀರಲ್ಲಿ ನೆನೆಯುತ್ತಾ ಇದ್ದರೆ ವಾರದಲ್ಲಿ ಕೆಸರು.

ನಿನ್ನೆ ನಿನ್ನ ನಕ್ಷೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಸೋಮವಾರದಿಂದ ನೂರಾ ಹದಿನೈದನೇ ಮೀಟರಿನಲ್ಲಿ ಹೊಸ ಸುರಂಗ. ಗಟ್ಟಿ ಕರಿ ಬಂಡೆ, ಆಧಾರದ ಕಂಬ ಬೇಕಿಲ್ಲ ಎಂಬುದರ ಕೆಳಗೆ ನಿನ್ನ ಸಹಿ. ಒಳಗೆ ಇಳಿಯುವವರು ಹನ್ನೊಂದು ಜನ. ಮೇಸ್ತ್ರಿ ನನ್ನನ್ನು ತಡೆದು, ನಿಮ್ಮ ಮಗಳ ದಯೆಯಿಂದ ಈ ಸಲ ಕಂಬ ಹೊರುವುದು ತಪ್ಪಿತು ಎಂದು ಕೈ ಮುಗಿದ. ನಾನು ಹಲ್ಲು ಕಿರಿದು ಬಂದೆ.

ಒಂದು ಉಪಕಾರ ಮಾಡು. ಪತ್ರ ಶನಿವಾರ ಸಿಗುತ್ತದೆ. ಸಿಕ್ಕ ಕೂಡಲೇ ಮ್ಯಾನೇಜರಿಗೆ ಫೋನ್ ಮಾಡಿ, ಎಲ್ಲೋ ಎಡವಿದ್ದೇನೆ, ಇನ್ನೊಮ್ಮೆ ಕೊರೆದು ನೋಡಿ ಅನ್ನು. ಚಿಕ್ಕವಳು, ಮೊದಲ ಕೆಲಸ, ಯಾರೂ ದೊಡ್ಡದು ಮಾಡುವುದಿಲ್ಲ. ನನಗೆ ಉಳಿದಿರುವುದು ಎರಡೇ ವರ್ಷ. ತಲೆ ಎತ್ತಿಕೊಂಡು ಇಲ್ಲಿಂದ ಹೊರಗೆ ಹೋಗಬೇಕೆಂದು ಆಸೆ. ತಟ್ಟೆಯ ಮಾತು ನಮ್ಮಿಬ್ಬರಲ್ಲೇ ಇರಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ತಾ.ಕ.: ಲಕೋಟೆಗೆ ಹಾಕುವ ಮುಂಚೆ ಒಮ್ಮೆ ಓದಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಎದ್ದು ನೇರ ಮ್ಯಾನೇಜರ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಮಗಳು ಕಂಡದ್ದನ್ನೇ ಬರೆದಳು, ಕಲ್ಲು ಕಲಸಿಟ್ಟವಳು ನಾನು ಎಂದು ಬರೆದು ಸಹಿ ಹಾಕಿಕೊಟ್ಟೆ. ಅವರು ಬೈಯಲಿಲ್ಲ. ಕಲ್ಲುಕೋಣೆಯ ಕೀಲಿಕೈ ಇಸಿದುಕೊಂಡರು, ಸುರಂಗ ನಿಲ್ಲಿಸಿದರು. ಮೇಲಿನದನ್ನು ಹರಿದು ಹಾಕಬಹುದಿತ್ತು. ಆದರೆ ನಿನ್ನಮ್ಮ ನಿನ್ನಿಂದ ಏನು ಕೇಳಲು ಹೊರಟಿದ್ದಳೆಂದು ನಿನಗೆ ಗೊತ್ತಿರಲಿ. ನೀನು ಆಗಲ್ಲ ಅನ್ನುತ್ತೀ ಎಂಬ ಭಯಕ್ಕಲ್ಲ ನಾನು ಎದ್ದು ಹೋದದ್ದು. ಆಗಲಿ ಅಮ್ಮ ಅಂದುಬಿಡುತ್ತೀಯಲ್ಲ, ಅದಕ್ಕೆ.