ನನ್ನ ಕಾಲಡಿಯ ಬ್ರೇಕು

ಅಕ್ಕಾ,

ಇವತ್ತು ಬೆಳಿಗ್ಗೆ ಭಾವ ನನ್ನ ಡ್ರೈವಿಂಗ್ ಸ್ಕೂಲಿಗೆ ಬಂದು ಮೇಜಿನ ಮೇಲೆ ಒಂದು ಅರ್ಜಿ ಇಟ್ಟರು. ಮೈಮೇಲೆ ಎಚ್ಚರವಿಲ್ಲದೆ ಗಾಡಿ ಓಡಿಸಿ ಜೀವ ತೆಗೆದವರಿಗೆ ಈಗಿನ ಕಾನೂನಿನ ಐದು ವರ್ಷ ಸಾಲದು, ಹತ್ತು ವರ್ಷ ಜೈಲಾಗಬೇಕು ಎಂದು ಅದರಲ್ಲಿತ್ತು.

"ಮೊದಲ ಸಹಿ ನಿಂದೇ ಇರ್ಲಿ. ಗಾಡಿ ಕಲಿಸೋನು ನೀನು, ನಿನ್ನ ಮಾತಿಗೆ ತೂಕ ಜಾಸ್ತಿ" ಅಂದರು.

ನಿನಗೆ ಗುದ್ದಿದವನು ನನ್ನ ಹತ್ತಿರವೇ ಕಲಿತವನೆಂದು ಅವರಿಗೆ ಗೊತ್ತಿಲ್ಲ. ಕಲಿಯುವಾಗಲೂ ಅವನ ಕಣ್ಣು ಫೋನಿನ ಮೇಲೇ ಇರುತ್ತಿತ್ತು. ಕಲಿಸುವ ಕಾರಿನಲ್ಲಿ ನನ್ನ ಕಾಲಡಿಯೂ ಒಂದು ಬ್ರೇಕ್ ಇರುತ್ತದಲ್ಲ, ಪ್ರತಿ ಸಲ ನಾನೇ ಅದನ್ನು ಒತ್ತಿ, "ರಸ್ತೆ ನೋಡೋ ಮಹರಾಯ" ಎಂದು ನಗುತ್ತಿದ್ದೆ.

ಫೋನ್ ನೋಡುತ್ತಲೇ ಅವನು ನಿನ್ನ ಮೇಲೆ ಗಾಡಿ ಹತ್ತಿಸಿದ. ಅವನಿಗೆ ಹತ್ತು ವರ್ಷವೂ ಕಮ್ಮಿ ಅನಿಸುತ್ತದೆ. ಮರುಕ್ಷಣ ತಲೆಯೆಲ್ಲ ಕಲಸುಮೇಲೋಗರ. ಆ ಹತ್ತರಲ್ಲಿ ನನ್ನವು ಎಷ್ಟು? ನೀನಿದ್ದಿದ್ದರೆ ತಲೆಗೊಂದು ಮೊಟಕಿ ಹೇಳುತ್ತಿದ್ದೆ.

ಸಹಿ ಹಾಕಿದೆ. ಭಾವ ನನ್ನ ಹೆಗಲು ತಟ್ಟಿ, "ಆ ಪಾಪಿಗೆ ನಿನ್ನಂಥೋನು ಕಲಿಸಿದ್ದಿದ್ರೆ ನಿಮ್ಮಕ್ಕ ಇವತ್ತು ಇರ್ತಿದ್ಲು ಕಣೋ" ಅಂದರು.

ಮೇಜಿನಡಿ ನನ್ನ ಕಾಲು ಬರೀ ನೆಲವನ್ನು ಒತ್ತುತ್ತಲೇ ಇತ್ತು.