ಗೀಟು ಅಳಿಸುವ ಎಣ್ಣೆ

ಇಂಡಿ
೧೯–೯–೧೯೬೩

ಚಿರಂಜೀವಿ ಬಂದೇನವಾಜನಿಗೆ ನಿನ್ನ ಅಬ್ಬಾನ ದುವಾ.

ನೀನು, ಸೊಸೆ ಮೆಹರಾಜ ಕ್ಷೇಮವೇ? ಅವಳ ಕೆಮ್ಮು ಇಳಿಯಿತೇ? ಬಿಸಿನೀರು ಕುಡಿಯುವುದನ್ನು ಬಿಡಬಾರದೆಂದು ಹೇಳು. ನಿವೃತ್ತ ಮಾಸ್ತರನೊಬ್ಬ ಬಡಿಗರ ಅಂಗಡಿಯಲ್ಲಿ ಕೆಲಸಕ್ಕೆ ಕೂಡುವುದು ಮರ್ಯಾದೆಯಲ್ಲ, ಭಾನುವಾರ ಬಂದು ಬಾಗೇವಾಡಿಗೆ ಕರೆದೊಯ್ಯುತ್ತೇನೆ ಎಂದು ಬರೆದಿದ್ದೀಯೆ. ಒಂದಾದರೂ ಕೈಕೆಲಸ ಕಲಿತೇ ಸಾಯಬೇಕೆಂಬುದು ನನ್ನ ಹಟ. ಆದರೆ ನಿನ್ನೆ ನಡೆದದ್ದನ್ನು ನಿನಗೆ ಬರೆಯಲೇಬೇಕು.

ನಿನ್ನೆ ಅಂಗಡಿಯ ಯಜಮಾನ ಉಸ್ತಾದ ಜೈನುದ್ದೀನ ಊರಲ್ಲಿರಲಿಲ್ಲ. ಅಂಗಡಿಯ ಹಳೆಯ ಕೆಲಸಗಾರ ಸೋಮನಿಂಗ, ನಾನು ಲೆಕ್ಕದಲ್ಲಿ ಎರಡು ಸಲ ನಪಾಸು ಮಾಡಿದವನು, ಬಲು ವಿನಯದಿಂದ, “ಸರ, ಗೀಟು ಅಳಸೋ ಎಣ್ಣಿ ತೀರೈತ್ರಿ. ಪ್ಯಾಟ್ಯಾಗಿಂದ ತರ್ತೀರೇನ್ರಿ?” ಎಂದ. ಹೋದೆ. ಕಿರಾಣಿಯವನು ಮುಖ ಬಿಗಿದು, “ಈಗಷ್ಟ ಖಾಲಿ ಆತ್ರಿ, ಮುಂದಿನಂಗಡ್ಯಾಗ ಕೇಳ್ರಿ” ಎಂದ. ಹೀಗೆ ನಾಲ್ಕು ಅಂಗಡಿ ಅಲೆದೆ. ಅಂಥ ಎಣ್ಣೆಯೇ ಜಗತ್ತಿನಲ್ಲಿಲ್ಲ, ಹೊಸಬರನ್ನು ಹೀಗೆ ಓಡಾಡಿಸುವುದು ಬಡಿಗರ ರಿವಾಜು, ಪೇಟೆಯವರಿಗೂ ಅದು ಗೊತ್ತು ಎಂದು ನನಗೆ ಹೇಗೆ ತಿಳಿಯಬೇಕು? ಬರಿಗೈಯಲ್ಲಿ ಮರಳಲು ಮನಸ್ಸೊಪ್ಪದೆ, ಇದರಿಂದಲೂ ಗೀಟು ಹೋದೀತೆಂದು ಚಿಮಣಿ ಎಣ್ಣೆ ಕೊಂಡೆ. ಮರಳಿದಾಗ ಎಲ್ಲರೂ ಊಟಕ್ಕೆ ಹೋಗಿದ್ದರು. ಅಳಿಸಬೇಕಾದ ಗೀಟು ಇವೇ ಎಂದುಕೊಂಡು ಅರಿವೆ ಅದ್ದಿ, ಗೋಡೆಗೆ ಆನಿಸಿದ್ದ ಸಾಗವಾನಿ ಕಟ್ಟಿಗೆಗಳ ಮೇಲಿನ ಪೆನ್ಸಿಲ್ ಗೀಟುಗಳನ್ನು ಒಂದೂ ಉಳಿಯದಂತೆ ಉಜ್ಜಿ ಒರೆಸಿದೆ.

ಎಲ್ಲಿ ಕೊಯ್ಯಬೇಕು, ಎಲ್ಲಿ ಕೊರೆಯಬೇಕೆಂದು ಉಸ್ತಾದ ಎರಡು ದಿನ ಅಳೆದು ಎಳೆದ ಗುರುತುಗಳಂತೆ ಅವು! ಯಾರದೋ ಹೊಸ ಮನೆಯ ಬಾಗಿಲ ಚೌಕಟ್ಟು. ಸೋಮವಾರ ನಿಲ್ಲಿಸುವ ಮುಹೂರ್ತ. ಸೋಮನಿಂಗ ತಲೆಯ ಮೇಲೆ ಕೈಹೊತ್ತು ಕುಳಿತ. “ನೀವು ಇಲ್ಲಂತ ತಿರುಗಿ ಬರ್ತೀರಿ, ಎಲ್ಲಾರೂ ನಕ್ಕು ಚಾ ಕುಡಿಯೂಣಂತ ಮಾಡಿದ್ವಿರೀ!” ಸಂಜೆ ಬಂದ ಉಸ್ತಾದ ಕಟ್ಟಿಗೆಯನ್ನು ಮೂಸಿ ನೋಡಿ ಕೇಳಿದ್ದು ಒಂದೇ: “ಸಿಗಲಿಲ್ಲ ಅನ್ನಾಕ ಏನಾಗಿತ್ರಿ, ಮಾಸ್ತರ?” ಮೂವತ್ತಾರು ವರ್ಷ ಮಕ್ಕಳೆದುರು ಒಮ್ಮೆಯೂ ‘ತಿಳಿಯದು’ ಎನ್ನದವನು ನಾನು; ಅರಿವೆ ಮಡಚಿಟ್ಟು ಮನೆಗೆ ಬಂದೆ.

ಸೊಸೆಗೆ ಆಶೀರ್ವಾದ. ಖುದಾ ನಿಮ್ಮಿಬ್ಬರನ್ನೂ ಸುಖವಾಗಿಟ್ಟಿರಲಿ.

ನಿನ್ನ ತಂದೆ,
ಚಮನಸಾಬ ಮಾಸ್ತರ

ತಾ.ಕ.: ಟಪಾಲಿನ ಹೊತ್ತಾಯಿತು, ಮುಖ್ಯ ಮಾತೇ ಉಳಿಯಿತು. ಉಸ್ತಾದ ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಒರೆಸಿದವರೇ ಮತ್ತೆ ಎಳೆಯಬೇಕು, ಸೋಮನಿಂಗನನ್ನು ಕೇಳಿ ಎಳೆಯಬೇಕು ಎಂದಿದ್ದಾನೆ. ಇಂದು ಮುಂಜಾನೆ ಪೆನ್ಸಿಲ್ ಹಿಡಿದು ಅವನೆದುರು ನಿಂತು, “ನನಗ ಗೊತ್ತಿಲ್ಲಪಾ, ತೋರಸು” ಎಂದೆ. ಅವನು ನಗಲಿಲ್ಲ, ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಭಾನುವಾರ ಬರಬೇಡ. ಅಂದು ನನಗೆ ಕೆಲಸವಿದೆ.